ಸಿಂಧೂ ಲಿಪಿ: ಭಾಷೆಯ ಪ್ರಶ್ನೆ ಮತ್ತು ಪ್ರಮಾಣದ ಪ್ರಶ್ನೆ

ಸಿಂಧೂ ಮುದ್ರೆಗಳ ಮೇಲಿನ ಬರಹ ಯಾವ ಭಾಷೆಯದು ಎಂಬುದು ದ್ರಾವಿಡ ಭಾಷಾಧ್ಯಯನವನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ. 1924ರಲ್ಲಿ ಜಾನ್ ಮಾರ್ಷಲ್ ಈ ನಾಗರಿಕತೆಯ ಶೋಧವನ್ನು ಪ್ರಕಟಿಸಿದಂದಿನಿಂದ ಇದಕ್ಕೆ ಹತ್ತಾರು ಉತ್ತರಗಳು ಬಂದಿವೆ, ಯಾವುದೊಂದೂ ಸರ್ವಸಮ್ಮತವಾಗಿಲ್ಲ. ಒಂದು ಓದು ಸರಿಯೆಂದು ನಿರ್ಣಯಿಸಲು ಯಾವ ಪ್ರಮಾಣ ಸಾಕು ಎಂಬ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲದಿರುವುದು ಇದಕ್ಕೆ ಮುಖ್ಯ ಕಾರಣ.

ಆಕರಗಳ ಸ್ವರೂಪವೇ ತೊಡಕಿನದು. ಐರಾವತಂ ಮಹಾದೇವನ್ 1977ರಲ್ಲಿ ಪ್ರಕಟಿಸಿದ ಸೂಚಿಯಲ್ಲಿ 417 ಚಿಹ್ನೆಗಳಿವೆ. ಬರಹಗಳ ಸರಾಸರಿ ಉದ್ದ ಸುಮಾರು ಐದು ಚಿಹ್ನೆ ಮಾತ್ರ. ದ್ವಿಭಾಷಾ ಶಾಸನ ಒಂದೂ ದೊರೆತಿಲ್ಲ. ಇಷ್ಟು ಕಿರಿದಾದ ಬರಹದಲ್ಲಿ ಪೂರ್ವನಿಶ್ಚಿತವಾದ ಯಾವ ಭಾಷೆಯನ್ನಾದರೂ ಕಾಣುವುದು ಕಷ್ಟವಲ್ಲ. ಲೋಥಲ್ ಉತ್ಖನನದ ಕರ್ನಾಟಕ ಮೂಲದ ಪುರಾತತ್ತ್ವಜ್ಞ ಎಸ್. ಆರ್. ರಾವ್ ತಮ್ಮ 1982ರ ಗ್ರಂಥದಲ್ಲಿ ಇಲ್ಲಿ ಆರ್ಯಭಾಷೆಯನ್ನು ಕಂಡರು. ಆಸ್ಕೊ ಪಾರ್ಪೊಲ 1994ರಲ್ಲಿ ದ್ರಾವಿಡವನ್ನು ಪ್ರತಿಪಾದಿಸಿದರು. ಪಾರ್ಪೊಲರ ವಾದದ ಕೇಂದ್ರದಲ್ಲಿರುವುದು ಮೀನಿನ ಚಿಹ್ನೆ. ತಮಿಳಿನಲ್ಲಿ ‘ಮೀನ್’ ಎಂದರೆ ಮತ್ಸ್ಯವೂ ಹೌದು, ನಕ್ಷತ್ರವೂ ಹೌದು. ಆರು ಗೆರೆಗಳೊಡನೆ ಬರುವ ಮೀನನ್ನು ಅವರು ‘ಅರುಮೀನ್’, ಅಂದರೆ ಕೃತ್ತಿಕೆ, ಎಂದು ಓದುತ್ತಾರೆ. ಕನ್ನಡದ ಆರು, ಮೀನು, ಮಿನುಗು, ಮಿಂಚುಗಳನ್ನು ಬಲ್ಲ ಓದುಗನಿಗೆ ಈ ಊಹೆ ಬಹು ಹತ್ತಿರದ್ದೆನಿಸುತ್ತದೆ. ಎಚ್ಚರ ಬೇಕಾದುದೂ ಇಲ್ಲಿಯೇ: ಒಂದು ಶ್ಲೇಷೆ ಒಪ್ಪುವಂತಿರುವುದು ಬೇರೆ, ಅದು ಇತರ ಬರಹಗಳನ್ನೂ ಓದಿಸುವುದು ಬೇರೆ.

2004ರಲ್ಲಿ ಸ್ಟೀವ್ ಫಾರ್ಮರ್, ರಿಚರ್ಡ್ ಸ್ಪ್ರೋಟ್ ಮತ್ತು ಮೈಕೆಲ್ ವಿಟ್ಜೆಲ್ ಇದು ಭಾಷೆಯನ್ನು ದಾಖಲಿಸುವ ಲಿಪಿಯೇ ಅಲ್ಲವೆಂದಾಗ ಚರ್ಚೆಯ ನೆಲೆಯೇ ಬದಲಾಯಿತು. 2009ರಲ್ಲಿ ರಾಜೇಶ್ ರಾವ್ ಮತ್ತು ಸಂಗಡಿಗರು (ಮಹಾದೇವನ್ ಅವರಲ್ಲೊಬ್ಬರು) ಒಂದು ಚಿಹ್ನೆಯ ನಂತರ ಇನ್ನೊಂದು ಬರುವ ಅನಿಶ್ಚಿತತೆಯನ್ನು ಗಣಿತದಿಂದ ಅಳೆದು, ಅದು ಭಾಷೆಗಳ ಮಟ್ಟಕ್ಕೆ ಸಮೀಪವಾಗಿದೆಯೆಂದು ತೋರಿಸಿದರು. ಭಾಷೇತರ ಸಂಕೇತವ್ಯವಸ್ಥೆಗಳೂ ಅಂಥ ಕ್ರಮವನ್ನು ತೋರಬಲ್ಲವೆಂಬುದು ಸ್ಪ್ರೋಟರ ಪ್ರತಿವಾದ. 2014ರಲ್ಲಿ ಅವರು ಅದನ್ನು ವಿಸ್ತರಿಸಿದರು. ಗಣಿತ ಇಲ್ಲಿ ಕ್ರಮವಿದೆಯೆಂಬುದನ್ನು ಸ್ಥಾಪಿಸಿತು; ಕ್ರಮವಿದ್ದುದೆಲ್ಲ ಭಾಷೆಯೇ ಎಂಬ ತಾತ್ತ್ವಿಕ ಪ್ರಶ್ನೆಯನ್ನು ಅದು ಬಿಡಿಸಲಾರದು.

ಪ್ರಮಾಣ ಹೇಗಿರಬೇಕೆಂಬುದಕ್ಕೆ ಗ್ರೀಸಿನ ಲೀನಿಯರ್ ಬಿ ಲಿಪಿ ಒಳ್ಳೆಯ ನಿದರ್ಶನ. ಮೈಕೆಲ್ ವೆಂಟ್ರಿಸ್ ಮೊದಲು ಅದರ ಭಾಷೆ ಎಟ್ರುಸ್ಕನ್ನಿಗೆ ಸಂಬಂಧಿಸಿದ್ದೆಂದು ನಂಬಿದ್ದರು. 1952ರಲ್ಲಿ ತಮ್ಮ ನಂಬಿಕೆಗೆ ವಿರುದ್ಧವಾಗಿ ಗ್ರೀಕನ್ನು ಕಂಡರು. ಮರುವರ್ಷ, ಅವರು ಬಳಸದೇ ಇದ್ದ ಪೈಲೋಸಿನ ಫಲಕವೊಂದರಲ್ಲಿ ಮುಕ್ಕಾಲಿ ಪಾತ್ರೆಯ ಚಿತ್ರದ ಪಕ್ಕದಲ್ಲಿ ಅದೇ ಅರ್ಥದ ಪದ ಓದಲು ಬಂದಿತು. ಸಿಂಧೂ ಲಿಪಿಯ ಯಾವ ಓದಿಗೂ ಇಂಥ ಸ್ವತಂತ್ರ ದೃಢೀಕರಣ ಒದಗಿಲ್ಲ.

ಆರ್ಯ-ದ್ರಾವಿಡ ಅಸ್ಮಿತೆಗಳ ಒತ್ತಡ ಈ ಕೊರತೆಯನ್ನು ಮರೆಸುತ್ತದೆ. 2025ರ ಜನವರಿಯಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಲಿಪಿಯನ್ನು ಬಿಡಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನ ಘೋಷಿಸಿದರು. ಹಣಕ್ಕಿಂತ ಹೆಚ್ಚು ಭರವಸೆಯ ದಿಕ್ಕೊಂದಿದೆ. ಮೆಸೊಪೊಟೇಮಿಯದ ಊರ್ ಮೊದಲಾದೆಡೆ ಸಿಂಧೂ ಮಾದರಿಯ ಮುದ್ರೆಗಳು ದೊರೆತಿವೆ. ವಿದ್ವಾಂಸರು ಸಾಮಾನ್ಯವಾಗಿ ಸಿಂಧೂ ಪ್ರದೇಶವೆಂದು ಗುರುತಿಸುವ ಮೆಲುಹ್ಹದ ಭಾಷೆಗೆ ದುಭಾಷಿಯಾಗಿದ್ದ ಶು-ಇಲಿಶು ಎಂಬವನ ಅಕ್ಕಾಡ್ ಕಾಲದ ಮುದ್ರೆ ಪ್ಯಾರಿಸಿನ ಲೂವ್ರ್ ಸಂಗ್ರಹದಲ್ಲಿದೆ. ಅವನು ಅನುವಾದಿಸುತ್ತಿದ್ದ ಭಾಷೆಯ ಒಂದು ಪದವನ್ನೂ ಆ ಮುದ್ರೆ ಹೇಳುವುದಿಲ್ಲ.