ಎದುರಿಗೆ ಬರೋ ವಿಮಾನಕ್ಕೆ ಎಡ ಯಾವುದು?

ಆರ್‌ಸಿ ವಿಮಾನ ಹಾರಿಸೋದು ಕಲೀಬೇಕು ಅಂತ ಬರೋ ಜೂನಿಯರ್‌ಗಳು ಮೊದಲು ಕೇಳೋದು ಮೋಟಾರ್ ಯಾವುದು, ಬ್ಯಾಟರಿ ಎಷ್ಟು ಸೆಲ್ ಅಂತ. ನನ್ನ ಪ್ರಕಾರ ಮೊದಲ ಪ್ರಶ್ನೆ ಬೇರೆ: ವಿಮಾನ ತಿರುಗಿ ನಮ್ಮ ಕಡೆ ಬರುವಾಗ ಅದರ ಎಡ ಯಾವುದು?

ದೂರ ಹೋಗುವಾಗ ತೊಂದರೆ ಇಲ್ಲ. ಸ್ಟಿಕ್ ಬಲಕ್ಕೆ ತಳ್ಳಿದರೆ ವಿಮಾನ ಬಲಕ್ಕೆ ವಾಲುತ್ತೆ. ಎದುರಿಗೆ ಬಂದಾಗ ಅದರ ಬಲ ನಮ್ಮ ಎಡ. ಪೇಪರ್ ಮೇಲೆ ಇದು ಬರೀ ಒಂದು ಮೈನಸ್ ಚಿಹ್ನೆ. ಮೈದಾನದಲ್ಲಿ ಹಾಗಲ್ಲ. ವಾಲಿದ್ದನ್ನು ಸರಿ ಮಾಡಲು ಹೋಗಿ ಇನ್ನಷ್ಟು ವಾಲಿಸ್ತೀವಿ, ಗಾಬರಿಯಲ್ಲಿ ಅದೇ ಕಡೆಗೆ ಇನ್ನೂ ಜೋರಾಗಿ ತಳ್ತೀವಿ. ನೆಗೆಟಿವ್ ಫೀಡ್‌ಬ್ಯಾಕ್ ಪಾಸಿಟಿವ್ ಆಗಿಬಿಡುತ್ತೆ. ಒಂದು ತಿಂಗಳು ಕೂತು ಅಂಟಿಸಿದ ವಿಮಾನ ಎರಡು ಸೆಕೆಂಡಲ್ಲಿ ಚೂರು.

ಇದಕ್ಕೊಂದು ಹಳೇ ಉಪಾಯ ಇದೆ. ವಿಮಾನ ಎದುರಿಗೆ ಬರುವಾಗ ಎಡ-ಬಲ ಲೆಕ್ಕ ಹಾಕಬೇಡಿ. ಯಾವ ರೆಕ್ಕೆ ಕೆಳಗಿಳಿದು ಕಾಣುತ್ತೋ ಸ್ಟಿಕ್ಕನ್ನು ಆ ಕಡೆಗೆ ತಳ್ಳಿ, ಬೀಳ್ತಿರೋ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ರೆಕ್ಕೆ ಸಮಕ್ಕೆ ಬರುತ್ತೆ. ಇದು ಯೋಚನೆ ಮಾಡದೆ ಕೈಗೆ ಬರಬೇಕು, ಅದಕ್ಕೇ ಸಿಮ್ಯುಲೇಟರ್. ಟ್ರಾನ್ಸ್‌ಮಿಟರನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ, ದಿನಾ ಅರ್ಧ ಗಂಟೆ, ಬರೀ ಎದುರಿಗೆ ಬರೋದನ್ನೇ ಹಾರಿಸಿ. ಬೋರ್ ಆಗುತ್ತೆ, ನಿಜ. ಅಲ್ಲಿ ಬಿದ್ದರೆ ಒಂದು ಬಟನ್ ಒತ್ತಿದರೆ ಸಾಕು.

ಎರಡನೇದು ಎತ್ತರ. ಹೊಸಬರು ಭಯಕ್ಕೆ ಕೆಳಗೇ ಹಾರಿಸ್ತಾರೆ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿ: 5 ಮೀಟರಿಂದ ಬೀಳೋಕೆ ಸುಮಾರು 1 ಸೆಕೆಂಡ್, 45 ಮೀಟರಿಂದ 3 ಸೆಕೆಂಡ್. ಆ ಎರಡು ಸೆಕೆಂಡಲ್ಲಿ ಥ್ರಾಟಲ್ ಇಳಿಸಿ, ರೆಕ್ಕೆ ಸಮ ಮಾಡಿ, ನಿಧಾನಕ್ಕೆ ಮೂಗು ಎತ್ತಬಹುದು. ನಿಧಾನಕ್ಕೆ ಅಂದೆ. ಒಮ್ಮೆಲೇ ಎಲಿವೇಟರ್ ಎಳೆದರೆ ಸ್ಟಾಲ್ ಆಗುತ್ತೆ.

ವಿಮಾನ ಯಾವುದು? ರೆಕ್ಕೆ ಮೇಲಿರೋ ಫೋಮ್ ಟ್ರೈನರ್. ರೆಕ್ಕೆಗಳು ಸ್ವಲ್ಪ ಮೇಲಕ್ಕೆ ಬಾಗಿದ್ದರೆ, ಅಂದರೆ ಡೈಹೆಡ್ರಲ್ ಇದ್ದರೆ, ಸ್ಟಿಕ್ ಬಿಟ್ಟಾಗ ಅದೇ ಸಮಕ್ಕೆ ಬರಲು ನೋಡುತ್ತೆ. ಚಂದ ಅಂತ ಫೈಟರ್ ಜೆಟ್ ತಗೋಬೇಡಿ. ಅಸಲಿ ತೇಜಸನ್ನೇ ಬೇಕಂತ ಅಸ್ಥಿರವಾಗಿ ಮಾಡಿ, ಸಂಭಾಳಿಸೋಕೆ ಕಂಪ್ಯೂಟರ್ ಇಟ್ಟಿದ್ದಾರೆ. ಥರ್ಮಾಕೋಲ್ ಮಾಡಲ್‌ಗೆ ಆ ಕಂಪ್ಯೂಟರ್ ನೀವೇ.

ಗುರುತ್ವ ಕೇಂದ್ರವನ್ನು ಹಾರಿಸೋ ಮುಂಚೆ ನೋಡಲೇಬೇಕು. ಮಾಮೂಲಿ ಆಯತಾಕಾರದ ರೆಕ್ಕೆ 20 ಸೆಂ.ಮೀ. ಅಗಲ ಇದ್ದರೆ, ಮುಂದಿನ ಅಂಚಿಂದ 5-6 ಸೆಂ.ಮೀ. ಹಿಂದೆ ಎರಡು ಬೆರಳ ಮೇಲೆ ನಿಲ್ಲಿಸಿ. ಮೂಗು ಚೂರು ತಗ್ಗಿದರೆ ಪರವಾಗಿಲ್ಲ. ಬಾಲ ತಗ್ಗಿದರೆ ಹಾರಿಸಬೇಡಿ, ಬ್ಯಾಟರಿ ಮುಂದೆ ಸರಿಸಿ.

2021ರ ಡ್ರೋನ್ ನಿಯಮಗಳು ಇಂಥ ವಿಮಾನಗಳಿಗೂ ಅನ್ವಯಿಸುತ್ತವೆ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮೈದಾನ ಹಸಿರು ವಲಯದಲ್ಲಿದೆಯಾ ನೋಡ್ಕೊಳ್ಳಿ, ಅಲ್ಲೂ ಮಿತಿ 120 ಮೀಟರ್. ಯಲಹಂಕ ಕಡೆಯ ಗೆಳೆಯರೇ, ನಿಮ್ಮ ಟೆರೇಸ್ ಮರೆತುಬಿಡಿ.

ಮೈದಾನಕ್ಕೆ ಹೋದಾಗ ಮೊದಲು ಟ್ರಾನ್ಸ್‌ಮಿಟರ್ ಆನ್, ಥ್ರಾಟಲ್ ಸೊನ್ನೆ, ಆಮೇಲೆ ವಿಮಾನದ ಬ್ಯಾಟರಿ. ಆಫ್ ಮಾಡುವಾಗ ಉಲ್ಟಾ. ಬ್ಯಾಟರಿ ಹಾಕಿದ ಮೇಲೆ ಪ್ರೊಪೆಲರ್ ಮುಂದೆ ಯಾರೂ ನಿಲ್ಲಬಾರದು, ಫೋಟೋ ತೆಗೆಯೋರು ಕೂಡ.