ಪರಿ, ಜಿನ್ನ್ ಮತ್ತು ನಮ್ಮ ಮನೆಯ ಕತೆಗಳು

ನಾವು ಚಿಕ್ಕವರಿದ್ದಾಗ ಇಶಾ ನಮಾಝ್ ಮುಗಿದ ಮೇಲೆ ನಾನಿಯ ಸುತ್ತ ಚಾಪೆ ಹಾಸಿಕೊಂಡು ಕೂರುತ್ತಿದ್ದೆವು. ನಾನಿ ಎಲೆಯಡಿಕೆ ಬಾಯಿಗಿಟ್ಟುಕೊಂಡು ಕತೆ ಆರಂಭಿಸಿದರೆಂದರೆ ಕೋಹ್‌ಕಾಫ್ ಪರ್ವತ, ಅಲ್ಲಿಂದ ಹಾರಿಬರುವ ಲಾಲ್ ಪರಿ, ಸಬ್ಝ್ ಪರಿ, ನಿದ್ದೆಯಲ್ಲಿದ್ದ ರಾಜಕುಮಾರನನ್ನು ಮಂಚದ ಸಮೇತ ಎತ್ತಿಕೊಂಡು ಹೋಗುವುದು, ಎಲ್ಲವೂ ಕಣ್ಣ ಮುಂದೆ ಬರುತ್ತಿತ್ತು. ಅದೇ ನಾನಿ ಮರುದಿನ ಮಗ್ರಿಬ್‌ನ ಹೊತ್ತಿಗೆ ನನ್ನ ಅಕ್ಕ ಕೂದಲು ಬಿಟ್ಟುಕೊಂಡು ಮಾಳಿಗೆ ಹತ್ತಿದರೆ ಗದರುತ್ತಿದ್ದರು. "ಇಳಿದು ಬಾರೇ, ಪರಿಯ ಸಾಯಾ ಬಿದ್ದೀತು!"

ರಾತ್ರಿಯ ಕತೆಯಲ್ಲಿ ಅಷ್ಟು ಚೆಂದವಾಗಿದ್ದ ಪರಿ ಸಂಜೆಯ ಮಾಳಿಗೆಯಲ್ಲಿ ಯಾಕೆ ಭಯ ಹುಟ್ಟಿಸಬೇಕು? ಆಗ ಕೇಳುವ ಧೈರ್ಯವಿರಲಿಲ್ಲ. ನಮ್ಮ ಅನೇಕ ಮನೆಗಳಲ್ಲಿ ಈಗಲೂ ಈ ಎರಡು ಪರಿಯರು ಒಟ್ಟಿಗೇ ವಾಸಿಸುತ್ತಿದ್ದಾರೆ. ಒಬ್ಬಳು ಕತೆಯವಳು, ಇನ್ನೊಬ್ಬಳು ನಂಬಿಕೆಯವಳು. ಮೊದಲನೆಯವಳಿಂದ ಅಪಾಯವಿಲ್ಲ. ಎರಡನೆಯವಳಿಂದ ಹಾಳಾದ ಬದುಕುಗಳನ್ನು ನಾನು ಕಂಡಿದ್ದೇನೆ.

ಮೊದಲು ಈ ಪರಿ ಎಲ್ಲಿಂದ ಬಂದಳೆಂದು ನೋಡೋಣ. ಪವಿತ್ರ ಕುರ್‌ಆನ್‌ನಲ್ಲಿ ಪರಿ ಎಂಬ ಶಬ್ದವೇ ಇಲ್ಲ. ಅದು ಅರಬಿ ಶಬ್ದವಲ್ಲ, ಪಾರಸಿ. ಇಸ್ಲಾಮಿಗಿಂತ ಬಹಳ ಹಿಂದೆ, ಪಾರಸಿಕರ ಧರ್ಮಗ್ರಂಥವಾದ ಅವೆಸ್ತಾದಲ್ಲಿ 'ಪೈರಿಕಾ' ಎಂಬ ಹೆಣ್ಣು ಶಕ್ತಿಗಳ ಪ್ರಸ್ತಾಪವಿದೆ. ಅವರು ಜನರನ್ನು ಮೋಸಗೊಳಿಸುವ ಕೆಡುಕಿನ ಮಾಟಗಾತಿಯರು. ಕಾಲ ಕಳೆದಂತೆ ಕವಿಗಳ ಕೈಗೆ ಸಿಕ್ಕಿ ಅವರೇ ರೆಕ್ಕೆಯುಳ್ಳ ಸುಂದರಿಯರಾದರು. ಪಾರಸಿಯಿಂದ ಅವರು ಉರ್ದುವಿಗೂ ನಮ್ಮ ದಖ್ಖನಿಗೂ ಬಂದರು. ಗೋಲ್ಕೊಂಡದ ಕವಿ ಗವ್ವಾಸಿ 17ನೇ ಶತಮಾನದಲ್ಲಿ ಸೈಫುಲ್ ಮುಲೂಕ್ ಮತ್ತು ಬದೀಉಲ್ ಜಮಾಲ್‌ರ ಕತೆಯನ್ನು ದಖ್ಖನಿ ಕಾವ್ಯವಾಗಿ ಬರೆದನು. ಅದರ ನಾಯಕಿ ಪರಿಗಳ ಲೋಕದವಳು. 1853ರ ಸುಮಾರಿಗೆ ಲಖನೌದ ಅಮಾನತ್ 'ಇಂದರ್ ಸಭಾ' ಎಂಬ ನಾಟಕ ಬರೆದನು. ಅದರಲ್ಲಿ ಇಂದ್ರನ ಆಸ್ಥಾನದಲ್ಲಿ ಕುಣಿಯುವವರು ಯಾರು? ಪುಖ್ರಾಜ್ ಪರಿ, ನೀಲಮ್ ಪರಿ, ಲಾಲ್ ಪರಿ, ಸಬ್ಝ್ ಪರಿ! ಪುರಾಣದ ಅಪ್ಸರೆಯರ ಜಾಗದಲ್ಲಿ ಪಾರಸಿ ಪರಿಯರು ಬಂದು ನಿಂತಿದ್ದಾರೆ. ಪಾರ್ಸಿ ನಾಟಕ ಕಂಪೆನಿಗಳು ಈ ಆಟವನ್ನು ಊರಿಂದೂರಿಗೆ ಒಯ್ದವು. ನಮ್ಮ ನಾನಿಯ ಲಾಲ್ ಪರಿ, ಸಬ್ಝ್ ಪರಿಯರ ಹೆಸರುಗಳು ಅವರ ಬಾಯಿಗೆ ಬಂದದ್ದು ಬಹುಶಃ ಅಲ್ಲಿಂದಲೇ. ಧರ್ಮದ ಮಾತೆಂದು ನಾವು ನಡುಗುತ್ತಿದ್ದುದು ನಾಟಕದ ಪಾತ್ರಗಳಿಗೆ.

"ಹಾಗಾದರೆ ಪರಿ ಎಂದರೆ ಜಿನ್ನ್ ಅಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಎರಡನ್ನೂ ಬೆರೆಸಿದ್ದರಿಂದಲೇ ಈ ಗೊಂದಲ ಹುಟ್ಟಿದೆ. ಜಿನ್ನ್‌ಗಳ ಅಸ್ತಿತ್ವ ಕುರ್‌ಆನ್ ತಿಳಿಸಿದ ಸತ್ಯ. ಅದನ್ನು ಅಲ್ಲಗಳೆಯುವಂತಿಲ್ಲ. ಅವರ ಸೃಷ್ಟಿ ಬೆಂಕಿಯ ಜ್ವಾಲೆಯಿಂದ ಆಯಿತೆಂದು ಅರ್ರಹ್ಮಾನ್ ಅಧ್ಯಾಯ ತಿಳಿಸುತ್ತದೆ (55:15). ಮನುಷ್ಯರಂತೆಯೇ ಅವರನ್ನೂ ಸೃಷ್ಟಿಸಿದ್ದು ಅಲ್ಲಾಹನ ಆರಾಧನೆಗಾಗಿ (51:56). ಅವರಲ್ಲಿಯೂ ಸಜ್ಜನರಿದ್ದಾರೆ, ದುರ್ಜನರಿದ್ದಾರೆ. ಆದರೆ ಹಸಿರು ರೆಕ್ಕೆ, ಕೋಹ್‌ಕಾಫ್‌ನ ಅರಮನೆ, ಸುಂದರ ಯುವಕರ ಮೇಲೆ ಮೋಹ, ಗುರುವಾರ ಸಂಜೆಯ ಸವಾರಿ ಇವೆಲ್ಲ ಎಲ್ಲಿವೆ? ಕುರ್‌ಆನ್‌ನಲ್ಲಿಲ್ಲ, ಪ್ರಮಾಣೀಕೃತ ಹದೀಸ್‌ಗಳಲ್ಲಿಯೂ ಇಲ್ಲ. ಜಿನ್ನ್‌ಗಳಲ್ಲಿ ನಂಬಿಕೆಯಿಡುವುದು ಬೇರೆ, ಜಿನ್ನ್‌ಗಳ ಕುರಿತು ಯಾರು ಏನು ಹೇಳಿದರೂ ನಂಬುವುದು ಬೇರೆ.

ಅವರ ಶಕ್ತಿಯ ಬಗ್ಗೆ ಕುರ್‌ಆನ್ ಏನು ಹೇಳುತ್ತದೆಂಬುದನ್ನು ನಮ್ಮ ಸಹೋದರ ಸಹೋದರಿಯರು ನಿಧಾನವಾಗಿ ಓದಬೇಕು. ಪ್ರವಾದಿ ಸುಲೈಮಾನ್(ಅ)ರ ಅಧೀನದಲ್ಲಿ ಜಿನ್ನ್‌ಗಳು ದುಡಿಯುತ್ತಿದ್ದರು. ಅವರು ತಮ್ಮ ಕೋಲಿಗೆ ಒರಗಿದ್ದಂತೆಯೇ ಮರಣ ಹೊಂದಿದರು. ಜಿನ್ನ್‌ಗಳಿಗೆ ಅದು ತಿಳಿಯಲೇ ಇಲ್ಲ. ಒಂದು ಕ್ಷುದ್ರ ಹುಳು ಕೋಲನ್ನು ತಿಂದು, ದೇಹ ಕೆಳಗೆ ಬಿದ್ದ ಮೇಲೆಯೇ ಅವರಿಗೆ ಗೊತ್ತಾಯಿತು. ತಮಗೆ ಅದೃಶ್ಯಜ್ಞಾನ ಇದ್ದಿದ್ದರೆ ಆ ಅವಮಾನದ ದುಡಿಮೆಯಲ್ಲಿ ಉಳಿಯುತ್ತಿರಲಿಲ್ಲವೆಂಬುದು ಆಗ ಸ್ಪಷ್ಟವಾಯಿತು (34:14). ಕಣ್ಣೆದುರಿಗಿದ್ದವರ ಮರಣವನ್ನೇ ತಿಳಿಯಲಾಗದ ಜಿನ್ನ್, ನಿಮ್ಮ ಮನೆಯ ಕಳುವಾದ ಬಳೆ ಎಲ್ಲಿದೆ, ಮಗಳ ಮದುವೆ ಯಾವಾಗ ಎಂದು ಆಮಿಲ್‌ನ ಕಿವಿಯಲ್ಲಿ ಹೇಳುತ್ತದೆಯೇ?

ಇನ್ನೊಂದು ಕಡೆ, ಅಲ್‌ಜಿನ್ನ್ ಅಧ್ಯಾಯದಲ್ಲಿ, ಮನುಷ್ಯರಲ್ಲಿ ಕೆಲವರು ಜಿನ್ನ್‌ಗಳ ಆಶ್ರಯ ಬೇಡುತ್ತಿದ್ದರು, ಅದರಿಂದ ಅವರ ಅಹಂಕಾರ ಹೆಚ್ಚಿತು ಎಂಬ ಮಾತಿದೆ (72:6). ಅರಬರು ಪ್ರಯಾಣದಲ್ಲಿ ರಾತ್ರಿ ಕಣಿವೆಯಲ್ಲಿ ಇಳಿದಾಗ ಆ ಕಣಿವೆಯ ಜಿನ್ನ್ ನಾಯಕನ ರಕ್ಷಣೆ ಕೋರುತ್ತಿದ್ದರೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಹುಣಸೆ ಮರದ ಬುಡದಲ್ಲಿ ಪರಿಯ ಹೆಸರಿನಲ್ಲಿ ಸಿಹಿ, ಹೂವು, ಊದಿನಕಡ್ಡಿ ಇಟ್ಟು ಬರುವ ನಮ್ಮವರು ಮಾಡುತ್ತಿರುವುದೂ ಇದನ್ನೇ ಅಲ್ಲವೇ? ಭಯ ಮತ್ತು ಬೇಡಿಕೆ ಅಲ್ಲಾಹನನ್ನು ಬಿಟ್ಟು ಬೇರೆಡೆ ಹೋದರೆ ಅದು ಶಿರ್ಕ್‌ನ ಬಾಗಿಲು.

ನನ್ನ ಫುಪ್ಪುವಿನ ಮಗಳ ವಿಷಯ ಇಲ್ಲಿ ಹೇಳಲೇಬೇಕು. ಅವಳಿಗೆ ಹದಿಮೂರನೆಯ ವಯಸ್ಸಿನಲ್ಲಿ ಒಂದು ದಿನ ಬಾವಿಕಟ್ಟೆಯ ಬಳಿ ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು ಬಿದ್ದಳು. ಅವಳು ನೋಡಲು ಚೆಲುವೆ, ಅಂದು ತಲೆಗೆ ಸ್ನಾನ ಮಾಡಿ ಮಲ್ಲಿಗೆ ಮುಡಿದಿದ್ದಳು. ಅಷ್ಟು ಸಾಕಾಯಿತು. ಪರಿ ಹಿಡಿದಿದೆ ಎಂದು ಊರೆಲ್ಲ ಹೇಳಿತು. ಒಬ್ಬ ಆಮಿಲ್‌ನನ್ನು ಕರೆಸಿದರು. ತಾಯಿತ, ಫಲೀತಾ, ಕಪ್ಪು ಕೋಳಿ, ಕೊನೆಗೆ ಮುಚ್ಚಿದ ಕೋಣೆಯಲ್ಲಿ ಮೆಣಸಿನಕಾಯಿ ಹೊಗೆ. "ಬಿಟ್ಟು ಹೋಗುತ್ತೀಯಾ?" ಎಂದು ಅವನು ಗದರುವನು, ಉಸಿರು ಕಟ್ಟಿದ ಹುಡುಗಿ "ಹೋಗುತ್ತೇನೆ" ಎಂದು ಅಳುವಳು. ಪರಿಯೇ ಮಾತಾಡಿತೆಂದು ಹೊರಗೆ ನಿಂತವರು ನಂಬುವರು. ಹೀಗೆ ಮೂರು ವರ್ಷ. ಆ ನಡುವೆ ಒಮ್ಮೆ ಒಲೆಯ ಮುಂದೆ ಬಿದ್ದು ಬಲಗೈ ಸುಟ್ಟುಕೊಂಡಳು. ಬಂದ ಎರಡು ಸಂಬಂಧಗಳೂ ಮುರಿದವು. ಕಡೆಗೆ ಅವಳ ಶಾಲೆಯ ಟೀಚರೊಬ್ಬರು ಫುಪ್ಪುವಿನ ಜೊತೆ ಜಗಳವಾಡಿಯೇ ಜಿಲ್ಲಾ ಕೇಂದ್ರದ ವೈದ್ಯರ ಬಳಿಗೆ ಕರೆದೊಯ್ದರು. ಮೂರ್ಛೆರೋಗ ಎಂದರು ವೈದ್ಯರು. ದಿನಕ್ಕೆರಡು ಮಾತ್ರೆ. ಕೆಲವೇ ತಿಂಗಳಲ್ಲಿ ಬೀಳುವುದು ನಿಂತಿತು. ಇಂದು ಅವಳು ಇಬ್ಬರು ಮಕ್ಕಳ ತಾಯಿ. ಕೈಯ ಸುಟ್ಟ ಕಲೆ ಮಾತ್ರ ಹಾಗೆಯೇ ಇದೆ.

ಈ ರೋಗದ ಬಗ್ಗೆ ಪ್ರವಾದಿ(ಸ)ರ ಕಾಲದ ಘಟನೆಯೊಂದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಕಪ್ಪು ವರ್ಣದ ಒಬ್ಬ ಮಹಿಳೆ ಬಂದು, ತನಗೆ ಮೂರ್ಛೆ ಬರುತ್ತದೆ, ಆಗ ಬಟ್ಟೆ ಸರಿಯುತ್ತದೆ, ಪ್ರಾರ್ಥಿಸಿರಿ ಎಂದು ಕೇಳಿಕೊಂಡಳು. ಸಹನೆ ವಹಿಸಿದರೆ ಸ್ವರ್ಗವಿದೆ, ಬಯಸಿದರೆ ಗುಣವಾಗಲೆಂದು ಪ್ರಾರ್ಥಿಸುವೆ ಎಂದು ಪ್ರವಾದಿ(ಸ) ಹೇಳಿದರು. ಅವಳು ಸಹನೆಯನ್ನು ಆರಿಸಿಕೊಂಡು, ಮಾನ ಮುಚ್ಚಿರಲೆಂದು ಮಾತ್ರ ಪ್ರಾರ್ಥನೆ ಬೇಡಿದಳು. ಅವರು ಪ್ರಾರ್ಥಿಸಿದರು. ಆ ಮಹಿಳೆಯನ್ನು ಯಾರೂ ಹೊಡೆಯಲಿಲ್ಲ, ಹೊಗೆ ಹಾಕಲಿಲ್ಲ, ಅವಳ ಮೇಲೆ ಕಳಂಕ ಹೊರಿಸಲಿಲ್ಲ. ಬದಲಾಗಿ ಇಬ್ನು ಅಬ್ಬಾಸ್(ರ)ರು ಅವಳನ್ನು ಸ್ವರ್ಗದ ಮಹಿಳೆಯೆಂದು ಬೇರೆಯವರಿಗೆ ತೋರಿಸುತ್ತಿದ್ದರು! ಇನ್ನು ಸಹನೆಯ ಮಾತನ್ನು ಹಿಡಿದುಕೊಂಡು ಮದ್ದು ಬೇಡವೆನ್ನುವಂತಿಲ್ಲ. ಚಿಕಿತ್ಸೆ ಮಾಡಿಸಿಕೊಳ್ಳಿರಿ ಎಂದು ಹೇಳಿದವರೂ ಅದೇ ಪ್ರವಾದಿಯವರು(ಸ).

ಜಿನ್ನ್ ಬಾಧೆಯನ್ನು ಒಪ್ಪುವ ವಿದ್ವಾಂಸರೂ ಎಲ್ಲ ಮೂರ್ಛೆಯನ್ನು ಅದಕ್ಕೆ ಕಟ್ಟಿದವರಲ್ಲ. ಇಬ್ನುಲ್ ಕಯ್ಯಿಮ್ 14ನೇ ಶತಮಾನದಲ್ಲಿಯೇ ಮೂರ್ಛೆಯಲ್ಲಿ ಎರಡು ಬಗೆಯಿದೆ, ಅವುಗಳಲ್ಲಿ ಒಂದು ದೇಹದ ದೋಷದಿಂದ ಬರುವಂಥದ್ದು, ಅದರ ಕಾರಣ ಮತ್ತು ಚಿಕಿತ್ಸೆಯನ್ನು ವೈದ್ಯರು ಚರ್ಚಿಸುತ್ತಾರೆ ಎಂದು ಬರೆದರು. ಸರಿಯಾದ ಚಿಕಿತ್ಸೆ ದೊರೆತರೆ ಮೂರ್ಛೆರೋಗಿಗಳಲ್ಲಿ ನೂರಕ್ಕೆ 70ರಷ್ಟು ಮಂದಿ ಮೂರ್ಛೆಯಿಲ್ಲದೆ ಬದುಕಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಬಿದ್ದವರ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಮಗ್ಗುಲಿಗೆ ಹೊರಳಿಸಿ, ತಲೆಗೆ ಪೆಟ್ಟಾಗದಂತೆ ನೋಡಿಕೊಂಡರೆ ಸಾಕು. ಜೊತೆಗೆ ಕುರ್‌ಆನ್ ಪಠಿಸಿ ಅಲ್ಲಾಹನಲ್ಲಿ ಪ್ರಾರ್ಥಿಸಿರಿ. ಅದಕ್ಕೆ ಆಮಿಲ್ ಬೇಡ, ತಾಯಿಯ ಬಾಯಿ ಸಾಕು.

ಓದು ಬರಹವಿಲ್ಲದವರು ಮಾತ್ರ ಹೀಗೆ ನಂಬುತ್ತಾರೆಂದು ಭಾವಿಸಬೇಡಿ. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿ ಎಂಬ ಹಳ್ಳಿಯಲ್ಲಿ 16 ವರ್ಷದ ಎಲ್ಸಿ, 9 ವರ್ಷದ ಫ್ರಾನ್ಸಿಸ್ ಎಂಬಿಬ್ಬರು ಹುಡುಗಿಯರು ತೊರೆಯ ಬಳಿ ರೆಕ್ಕೆಯ ಪರಿಯರ ಫೋಟೋ ತೆಗೆದರು. ಅದನ್ನು ನಿಜವೆಂದು ನಂಬಿ 1920ರಲ್ಲಿ ಪತ್ರಿಕೆಯಲ್ಲಿ ಬರೆದವರು ಯಾರು? ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್! ಅವರು ಸ್ವತಃ ವೈದ್ಯರು. ಸಾಲದೆಂಬಂತೆ 1922ರಲ್ಲಿ ಪುಸ್ತಕವನ್ನೇ ಹೊರತಂದರು. 1983ರಲ್ಲಿ, ಮುದುಕಿಯರಾದ ಮೇಲೆ, ಆ ಇಬ್ಬರೂ ಅದು ಕಾಗದದಲ್ಲಿ ಕತ್ತರಿಸಿ ಪಿನ್ನಿನಿಂದ ನಿಲ್ಲಿಸಿದ ಚಿತ್ರವೆಂದು ಒಪ್ಪಿಕೊಂಡರು. ಡಾಯ್ಲ್ 1918ರಲ್ಲಿ ಮಗನನ್ನು ಕಳೆದುಕೊಂಡಿದ್ದರು. ದುಃಖದಲ್ಲಿರುವ ಮನಸ್ಸು ಎಷ್ಟು ಬೇಗ ಆಸರೆ ಹುಡುಕುತ್ತದೆ ನೋಡಿ. ಆಮಿಲ್‌ನ ಬಾಗಿಲಲ್ಲಿ ಸಾಲು ನಿಂತ ನಮ್ಮ ತಾಯಂದಿರನ್ನು ಕಂಡು ನಗುವ ಮುನ್ನ ಇದನ್ನು ನೆನೆಯಬೇಕು.

ಹಾಗಾದರೆ ಮಕ್ಕಳಿಗೆ ಕತೆಯೇ ಬೇಡವೇ? ನಮ್ಮಲ್ಲಿ ಕೆಲವು ಯುವಕರು ಹಾಗೆ ಹೇಳತೊಡಗಿದ್ದಾರೆ. ಕತೆಯೆಲ್ಲ ಸುಳ್ಳು, ಸುಳ್ಳು ಪಾಪ ಎಂಬುದು ಅವರ ವಾದ. ನನಗೆ ಇದು ಒಪ್ಪಿಗೆಯಿಲ್ಲ. ಮಕ್ಕಾದ ನಝ್ರ್ ಬಿನ್ ಹಾರಿಸ್ ಎಂಬವನು ರುಸ್ತುಮ್, ಇಸ್ಫಂದಿಯಾರ್‌ರ ಕತೆ ಹೇಳಿ ಜನರನ್ನು ಕುರ್‌ಆನ್‌ನಿಂದ ದೂರ ಸೆಳೆಯಲೆತ್ನಿಸಿದ್ದು ನಿಜ. ಅಲ್ಲಿನ ತಪ್ಪು ಆ ಉದ್ದೇಶದಲ್ಲಿತ್ತು. ಹ. ಆಯಿಶಾ(ರ)ರು ಹನ್ನೊಂದು ಹೆಂಗಸರು ಕುಳಿತು ತಂತಮ್ಮ ಗಂಡಂದಿರ ಗುಣ ಅವಗುಣ ಹೇಳಿಕೊಂಡ ದೀರ್ಘ ಕತೆಯನ್ನು ಹೇಳಿದಾಗ ಪ್ರವಾದಿ(ಸ)ರು ತಾಳ್ಮೆಯಿಂದ ಕೇಳಿದರು. ಅವರ ಆಟಿಕೆಗಳ ನಡುವೆ ಬಟ್ಟೆಯ ರೆಕ್ಕೆಗಳಿದ್ದ ಕುದುರೆಯೊಂದನ್ನು ಕಂಡು, ಕುದುರೆಗೆ ರೆಕ್ಕೆಯೇ ಎಂದು ಕೇಳಿದರು. ಸುಲೈಮಾನ್(ಅ)ರ ಕುದುರೆಗಳಿಗೆ ರೆಕ್ಕೆಯಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಯಿಶಾ(ರ) ಮರುಪ್ರಶ್ನೆ ಹಾಕಿದರು. ಪ್ರವಾದಿಯವರು(ಸ) ದವಡೆ ಹಲ್ಲು ಕಾಣುವಷ್ಟು ನಕ್ಕರೆಂದು ಅಬೂದಾವೂದ್‌ನಲ್ಲಿದೆ. ಆ ಕುದುರೆಯನ್ನು ಅವರು ಕಿತ್ತೆಸೆಯಲಿಲ್ಲ.

ಬೇಡವಾದುದು ಬೇರೆ ಇದೆ. ಊಟ ಮಾಡಿಸಲು, ಮಲಗಿಸಲು "ಪರಿ ಬರುತ್ತಾಳೆ, ಜಿನ್ನ್ ಎತ್ತಿಕೊಂಡು ಹೋಗುತ್ತದೆ" ಎಂದು ಹೆದರಿಸುತ್ತೇವಲ್ಲ, ಅದು. ಬಾ, ಏನೋ ಕೊಡುತ್ತೇನೆ ಎಂದು ಮಗುವನ್ನು ಕರೆದ ತಾಯಿಯೊಬ್ಬರನ್ನು ಏನು ಕೊಡುವಿರಿ ಎಂದು ಪ್ರವಾದಿ(ಸ) ಕೇಳಿದರು. ಖರ್ಜೂರ ಎಂದರು ಆಕೆ. ಕೊಡದೆ ಇದ್ದಿದ್ದರೆ ಅದು ಸುಳ್ಳೆಂದು ದಾಖಲಾಗುತ್ತಿತ್ತು ಎಂದು ಎಚ್ಚರಿಸಿದರು. ಆಸೆ ತೋರಿಸಿ ಹೇಳುವ ಸುಳ್ಳೇ ಹೀಗಾದರೆ ಹೆದರಿಸಿ ಹೇಳುವ ಸುಳ್ಳು? ಮುಸ್ಸಂಜೆಯಲ್ಲಿ ಶೈತಾನರು ಹರಡುವರು, ಮಕ್ಕಳನ್ನು ಒಳಗಿರಿಸಿಕೊಳ್ಳಿರಿ ಎಂಬ ಹದೀಸ್ ಇದೆ, ನಿಜ. ಆದರೆ ಸ್ವಲ್ಪ ಹೊತ್ತಿನ ಬಳಿಕ ಬಿಟ್ಟುಬಿಡಿ ಎಂದೂ, ಅಲ್ಲಾಹನ ನಾಮ ಹೇಳಿ ಬಾಗಿಲು ಮುಚ್ಚಿ, ಪಾತ್ರೆಗಳನ್ನು ಮುಚ್ಚಿಡಿ, ದೀಪ ಆರಿಸಿ ಎಂದೂ ಅದರಲ್ಲಿಯೇ ಇದೆ. ಮನೆಯೊಡತಿಯ ಮಾಮೂಲು ಕೆಲಸಗಳ ಸಾಲಿನಲ್ಲಿ ಬಂದ ಸೂಚನೆ ಅದು.

ಮೊನ್ನೆ ನನ್ನ ಮೊಮ್ಮಗಳು ಪುಸ್ತಕ ಹಿಡಿದು ಬಂದು, "ದಾದಾ, ಪರಿ ನಿಜವಾಗಿಯೂ ಇದ್ದಾಳಾ?" ಎಂದಳು. "ಇಲ್ಲಮ್ಮ, ಅವಳು ಕತೆಯವಳು" ಎಂದೆ. "ಜಿನ್ನ್?" "ಇದ್ದಾರೆ. ನಮ್ಮ ಹಾಗೆ ಅಲ್ಲಾಹನ ದಾಸರು. ನಮಗೆ ಕಾಣುವುದಿಲ್ಲ." ಸ್ವಲ್ಪ ಯೋಚಿಸಿದಳು. "ಹಾಗಾದರೆ ಕತೆಯವಳ ಕತೆಯನ್ನೇ ಹೇಳಿ" ಎಂದು ಪಕ್ಕದಲ್ಲಿ ಕುಳಿತಳು. ನಾನಿಯ ಸಬ್ಝ್ ಪರಿ ನನಗೆ ಇನ್ನೂ ಪೂರ್ತಿ ಮರೆತಿರಲಿಲ್ಲ.