ಕರಿಯದೆ ಮಾಡುವ ಗೆಣಸಿನ ಫಿಂಗರ್ ಚಿಪ್ಸ್

ಗೆಣಸು ನಮ್ಮ ರೈತರಿಗೆ ಹೊಸ ಬೆಳೆಯೇನೂ ಅಲ್ಲ. ಸಂಕ್ರಾಂತಿಯಲ್ಲಿ ಅವರೆಕಾಯಿ, ಕಡಲೆಕಾಯಿಗಳ ಜೊತೆಗೆ ಬೇಯಿಸಿದ ಗೆಣಸು, ಶಿವರಾತ್ರಿಯ ಉಪವಾಸಕ್ಕೆ ಗೆಣಸು, ಹೊಲದ ಬದುವಿನಲ್ಲಿ ಕೆಂಡದೊಳಗೆ ಹೂತು ಸುಟ್ಟ ಗೆಣಸು ಎಲ್ಲರಿಗೂ ಪರಿಚಿತ. ಬೆಳಗಾವಿ ಜಿಲ್ಲೆಯಲ್ಲಂತೂ ಇದನ್ನು ಮಾರಾಟಕ್ಕಾಗಿಯೇ ಮುಂಗಾರಿನಲ್ಲಿ ಬೆಳೆದು ಹೊರ ರಾಜ್ಯಗಳಿಗೂ ಕಳುಹಿಸುವರು.

ಗೆಡ್ಡೆ ಅಗೆಯುವ ಕಾಲಕ್ಕೆ ಎಲ್ಲರ ಮಾಲೂ ಒಮ್ಮೆಲೇ ಮಾರುಕಟ್ಟೆಗೆ ಬಂದು ಧಾರಣೆ ಇಳಿಯುತ್ತದೆ. ಆಗ ದಪ್ಪನಾದ, ನೇರವಾದ ಗೆಡ್ಡೆಗಳು ಮಾತ್ರ ಚೀಲ ಸೇರುತ್ತವೆ. ಸಣ್ಣವು, ಸೊಟ್ಟಗಿರುವವು, ಗುದ್ದಲಿ ತಗಲಿ ತುಂಡಾದವು ಮನೆಯ ಮೂಲೆಯಲ್ಲಿ ಉಳಿಯುತ್ತವೆ. ಎರಡು ದಿನ ಬೇಯಿಸಿ ತಿಂದ ಮೇಲೆ ಮಕ್ಕಳು ಬೇಡವೆನ್ನುತ್ತಾರೆ. ಅದೇ ಮಕ್ಕಳು ಸಂಜೆ ಅಂಗಡಿಯಿಂದ ಕರಿದ ಚಿಪ್ಸಿನ ಪೊಟ್ಟಣ ತಂದು ತಿನ್ನುತ್ತಾರೆ. ಹೀಗೆ ಬೆಳೆದವನ ಮನೆಯ ಗೆಡ್ಡೆ ಕೊಳೆಯುತ್ತದೆ, ಅವನ ಹಣ ಉಪ್ಪು ಮತ್ತು ಎಣ್ಣೆಗೆ ಹೋಗುತ್ತದೆ. ಈ ಉಳಿದ ಗೆಡ್ಡೆಗಳಿಂದಲೇ ಮಕ್ಕಳು ಇಷ್ಟಪಡುವ ಫಿಂಗರ್ ಚಿಪ್ಸನ್ನು ಎಣ್ಣೆಯಲ್ಲಿ ಕರಿಯದೆ, ಒಣ ಶಾಖದಲ್ಲಿ ಬೇಯಿಸಿ ತಯಾರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕರಿಯುವುದಕ್ಕೂ ಬೇಯಿಸುವುದಕ್ಕೂ ಇರುವ ವ್ಯತ್ಯಾಸ

ಗೆಡ್ಡೆಯ ತುಂಡನ್ನು ಕಾದ ಎಣ್ಣೆಗೆ ಹಾಕಿದಾಗ ಅದರ ನೀರು ಆವಿಯಾಗಿ ಹೊರಬರುತ್ತದೆ. ಆ ಜಾಗಕ್ಕೆ ಎಣ್ಣೆ ಸೇರುತ್ತದೆ. ಸಾಮಾನ್ಯವಾಗಿ ಕರಿದ 100 ಗ್ರಾಂ ಫಿಂಗರ್ ಚಿಪ್ಸಿನಲ್ಲಿ 10ರಿಂದ 15 ಗ್ರಾಂ ಜಿಡ್ಡು ಇರುವುದು. ಒಂದು ಗ್ರಾಂ ಎಣ್ಣೆಯಿಂದ 9 ಕ್ಯಾಲೊರಿ ದೊರೆಯುವುದರಿಂದ, ಎಣ್ಣೆಯೊಂದರಿಂದಲೇ 90ರಿಂದ 135 ಕ್ಯಾಲೊರಿ ಹೊಟ್ಟೆ ಸೇರಿದಂತಾಯಿತು. ಒಣ ಶಾಖದಲ್ಲಿ ಬೇಯಿಸುವಾಗ ಅರ್ಧ ಕಿಲೋ ಗೆಣಸಿಗೆ ಎರಡು ಟೀ ಚಮಚ, ಅಂದರೆ ಸುಮಾರು 9 ಗ್ರಾಂ ಎಣ್ಣೆ ಸಾಕು. ಇದನ್ನು ಮನೆಯ ನಾಲ್ವರು ಹಂಚಿಕೊಂಡರೆ ತಲೆಗೆ 20 ಕ್ಯಾಲೊರಿಯಷ್ಟೇ ಎಣ್ಣೆಯಿಂದ ಬರುವುದು.

ಎರಡನೆಯ ಅನುಕೂಲವೆಂದರೆ ಕರಿದ ಎಣ್ಣೆ ಉಳಿಯುವುದಿಲ್ಲ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಆರೋಗ್ಯಕ್ಕೆ ಹಾನಿಕರ. ಈ ಕಾರಣಕ್ಕಾಗಿಯೇ 2018ರಿಂದ ಆಹಾರ ತಯಾರಕರು ಬಳಸುವ ಕರಿದ ಎಣ್ಣೆಯ ಕೆಡುಕಿಗೆ ಕಾನೂನಿನ ಮಿತಿಯನ್ನು ವಿಧಿಸಲಾಗಿದೆ. ಮನೆಯಲ್ಲಿ ಇಂತಹ ಪರೀಕ್ಷೆ ಸಾಧ್ಯವಿಲ್ಲ. ಎಣ್ಣೆಯನ್ನು ಕಡಿಮೆ ಬಳಸುವುದೇ ಸುಲಭದ ದಾರಿ.

ಯಾವ ತಳಿ ಒಳ್ಳೆಯದು?

ತಿರುಳಿನ ಬಣ್ಣದಿಂದ ಗೆಣಸಿನಲ್ಲಿ ಬಿಳಿ, ಕಿತ್ತಳೆ ಮತ್ತು ನೇರಳೆ ಎಂದು ಮೂರು ಬಗೆಗಳನ್ನು ಗುರುತಿಸಬಹುದು. ಬಿಳಿ ತಿರುಳಿನಲ್ಲಿ ಪಿಷ್ಟ ಹೆಚ್ಚು. ಚಿಪ್ಸ್ ಗಟ್ಟಿಯಾಗಿ, ಗರಿಯಾಗಿ ಬರುತ್ತವೆ. ಆದರೆ ಅದರಲ್ಲಿ ಕೆರೋಟಿನ್ ಬಹಳ ಕಡಿಮೆ. ಕಿತ್ತಳೆ ತಿರುಳಿನಲ್ಲಿ ಕೆರೋಟಿನ್ ಹೇರಳ. ನಮ್ಮ ದೇಹ ಇದನ್ನು 'ಎ' ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ. ಮಕ್ಕಳಲ್ಲಿ ಈ ಜೀವಸತ್ವದ ಕೊರತೆಯಾದರೆ ಇರುಳುಗಣ್ಣು ಬರುವುದಲ್ಲದೆ ರೋಗನಿರೋಧಕ ಶಕ್ತಿಯೂ ಕುಗ್ಗುವುದು. ಆಫ್ರಿಕಾದಲ್ಲಿ ಕಿತ್ತಳೆ ಗೆಣಸನ್ನು ಮನೆಮನೆಗೆ ಮುಟ್ಟಿಸಿದ ಮೂವರು ವಿಜ್ಞಾನಿಗಳಿಗೆ 2016ರ ವಿಶ್ವ ಆಹಾರ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿರುವ 'ಭೂ ಸೋನಾ' ತಳಿಯ 100 ಗ್ರಾಂ ಗೆಡ್ಡೆಯಲ್ಲಿ 13ರಿಂದ 14 ಮಿಲಿಗ್ರಾಂ ಕೆರೋಟಿನ್ ಇದೆ. ಆಹಾರದಲ್ಲಿನ 12 ಮೈಕ್ರೋಗ್ರಾಂ ಕೆರೋಟಿನ್‌ನಿಂದ 1 ಮೈಕ್ರೋಗ್ರಾಂ 'ಎ' ಜೀವಸತ್ವ ದೊರೆಯುವುದೆಂದು ಲೆಕ್ಕ ಹಾಕಿದರೆ, 100 ಗ್ರಾಂನಿಂದ ಸುಮಾರು 1,080 ಮೈಕ್ರೋಗ್ರಾಂ ಆಗುವುದು. ಬೇಯಿಸುವಾಗ ಒಂದಷ್ಟು ನಷ್ಟವಾದರೂ ಚಿಕ್ಕ ಮಗುವಿನ ಒಂದು ದಿನದ ಅವಶ್ಯಕತೆಗೆ ಇದು ಸಾಕು. ಕೆರೋಟಿನ್ ಮೈಗೂಡಲು ಸ್ವಲ್ಪ ಜಿಡ್ಡು ಬೇಕು. ಆದುದರಿಂದ ಮೇಲೆ ಹೇಳಿದ ಎರಡು ಚಮಚ ಎಣ್ಣೆಯನ್ನು ಪೂರ್ತಿ ಬಿಡಬಾರದು. 'ಭೂ ಕೃಷ್ಣಾ' ಎಂಬುದು ಅದೇ ಸಂಸ್ಥೆಯ ನೇರಳೆ ತಿರುಳಿನ ತಳಿ.

ಕಿತ್ತಳೆ ತಳಿಗಳಲ್ಲಿ ಸಾಮಾನ್ಯವಾಗಿ ನೀರಿನಂಶ ಹೆಚ್ಚು, ಪಿಷ್ಟ ಕಡಿಮೆ. ಚಿಪ್ಸ್ ಸ್ವಲ್ಪ ಮೆತ್ತಗಾಗುವುದು ಸಹಜ. ಇದಕ್ಕೆ ಪರಿಹಾರವನ್ನು ಮುಂದೆ ತಿಳಿಸಿದೆ. ಹೊಸ ತಳಿಯನ್ನು ಇಡೀ ಹೊಲಕ್ಕೆ ಹಾಕದೆ, ಮೊದಲು ಮನೆ ಬಳಕೆಗೆಂದು ನಾಲ್ಕು ಸಾಲು ನಾಟಿ ಮಾಡಿ ನಿಮ್ಮ ಮಣ್ಣಿಗೆ ಒಗ್ಗುವುದೇ ಎಂದು ನೋಡುವುದು ಲೇಸು.

ಗೆಡ್ಡೆಗಳ ಆಯ್ಕೆ ಮತ್ತು ಎಚ್ಚರಿಕೆ

ಸಣ್ಣ ಗೆಡ್ಡೆ, ಸೊಟ್ಟ ಗೆಡ್ಡೆ, ಅಗೆಯುವಾಗ ಹೊಸದಾಗಿ ಗಾಯವಾದ ಗೆಡ್ಡೆ ಇವೆಲ್ಲ ಬಳಕೆಗೆ ಯೋಗ್ಯ. ಗಾಯವಾದ ಭಾಗವನ್ನು ಕತ್ತರಿಸಿ ತೆಗೆದು ಒಂದೆರಡು ದಿನದಲ್ಲೇ ಉಪಯೋಗಿಸಬೇಕು. ಆದರೆ ಮೂತಿಹುಳು ಕೊರೆದ ಗೆಡ್ಡೆಗಳನ್ನು ಖಂಡಿತ ಬಳಸಬಾರದು. ಹುಳು ಕೊರೆದಾಗ ಗೆಡ್ಡೆಯು ತನ್ನ ರಕ್ಷಣೆಗಾಗಿ ಕಹಿಯಾದ ವಿಷವಸ್ತುಗಳನ್ನು ಉತ್ಪತ್ತಿ ಮಾಡುತ್ತದೆ. ಬೇಯಿಸಿದರೂ ಸುಟ್ಟರೂ ಆ ಕಹಿ ಹೋಗುವುದಿಲ್ಲ.

ಬೂಷ್ಟು ಹಿಡಿದ ಗೆಣಸನ್ನು ದನಗಳಿಗೆ ಹಾಕುವ ರೂಢಿ ಕೆಲವೆಡೆ ಇದೆ. ಇದು ಅಪಾಯಕರ. ಇಂತಹ ಗೆಡ್ಡೆಯಲ್ಲಿ ಉಂಟಾಗುವ ವಿಷವು ದನಗಳ ಶ್ವಾಸಕೋಶಕ್ಕೆ ಹಾನಿ ಮಾಡಿ, ಉಸಿರು ಕಟ್ಟಿ ಸಾವು ತರಬಲ್ಲದು. ಹುಳು ಹಿಡಿದ, ಬೂಷ್ಟು ಬಂದ ಗೆಡ್ಡೆಗಳನ್ನು ಹೊಲದಲ್ಲಿ ಬಿಡದೆ ಆಳವಾಗಿ ಹೂಳಬೇಕು. ಇದರಿಂದ ಮುಂದಿನ ಬೆಳೆಗೆ ಮೂತಿಹುಳುವಿನ ಬಾಧೆಯೂ ತಗ್ಗುವುದು.

ಹಸಿ ಗೆಣಸನ್ನು ಫ್ರಿಜ್ಜಿನಲ್ಲಿ ಇಡಬಾರದು. ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶೀತದಲ್ಲಿ ಅದರ ತಿರುಳು ಕೆಟ್ಟು, ಬೇಯಿಸಿದರೂ ನಡುಭಾಗ ಗಟ್ಟಿಯಾಗಿಯೇ ಉಳಿಯುವುದು. ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ ಹರಡಿದರೆ ಸಾಕು. ಆಲೂಗಡ್ಡೆಯನ್ನೂ ಫ್ರಿಜ್ಜಿನಲ್ಲಿಟ್ಟರೆ ಅದರ ಪಿಷ್ಟ ಸಕ್ಕರೆಯಾಗಿ, ಬೇಯಿಸುವಾಗ ಬೇಗ ಕಪ್ಪಾಗುವುದು.

ಬೇಕಾಗುವ ಸಾಮಗ್ರಿ

ಸಿಪ್ಪೆ ತೆಗೆದ ಗೆಣಸು: ಅರ್ಧ ಕಿಲೋ
ಅಡುಗೆ ಎಣ್ಣೆ: 2 ಟೀ ಚಮಚ
ಅಕ್ಕಿ ಹಿಟ್ಟು: 2 ಟೀ ಚಮಚ (ಕಿತ್ತಳೆ ಗೆಣಸಿಗೆ 3)
ಉಪ್ಪು: ಅರ್ಧ ಟೀ ಚಮಚ
ಮೆಣಸಿನ ಪುಡಿ ಅಥವಾ ಹುರಿದ ಜೀರಿಗೆ ಪುಡಿ: ರುಚಿಗೆ ತಕ್ಕಷ್ಟು

ತಯಾರಿಸುವ ವಿಧಾನ

1. ಗೆಣಸನ್ನು ತೊಳೆದು ಸಿಪ್ಪೆ ತೆಗೆದು, ಒಂದು ಸೆಂಟಿಮೀಟರ್ ದಪ್ಪದ, ಬೆರಳುದ್ದದ ತುಂಡುಗಳನ್ನಾಗಿ ಕತ್ತರಿಸಬೇಕು. ಎಲ್ಲ ತುಂಡುಗಳೂ ಒಂದೇ ದಪ್ಪವಿರಬೇಕು. ಇಲ್ಲವಾದರೆ ತೆಳುವಾದವು ಸೀಯುವ ಹೊತ್ತಿಗೆ ದಪ್ಪನೆಯವು ಬೆಂದಿರುವುದಿಲ್ಲ.

2. ತುಂಡುಗಳನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ, ನೀರನ್ನು ಚೆಲ್ಲಬೇಕು. ಕತ್ತರಿಸಿದ ಮೈಮೇಲಿನ ಪಿಷ್ಟ ಮತ್ತು ಸಕ್ಕರೆ ತೊಳೆದುಹೋಗಿ ತುಂಡುಗಳು ಒಂದಕ್ಕೊಂದು ಅಂಟುವುದಿಲ್ಲ, ಬೇಗ ಕಪ್ಪಾಗುವುದೂ ಇಲ್ಲ.

3. ಒಣ ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒರೆಸಿ, ಕಾಲು ಗಂಟೆ ಗಾಳಿಗೆ ಬಿಡಬೇಕು. ತೇವ ಉಳಿದರೆ ಚಿಪ್ಸ್ ಆವಿಯಲ್ಲಿ ಬೆಂದಂತಾಗುತ್ತವೆ.

4. ಮೊದಲು ಅಕ್ಕಿ ಹಿಟ್ಟನ್ನು ಉದುರಿಸಿ ಕಲಸಿ, ಅನಂತರ ಎಣ್ಣೆ ಸವರಬೇಕು. ತೆಳುವಾದ ಈ ಹಿಟ್ಟಿನ ಹೊದಿಕೆಯೇ ಮೇಲ್ಮೈಗೆ ಗರಿತನ ಕೊಡುವುದು.

5. ಓವನ್ನನ್ನು 220 ಡಿಗ್ರಿಗೆ ಹತ್ತು ನಿಮಿಷ ಮೊದಲೇ ಕಾಯಿಸಬೇಕು. ತಟ್ಟೆಯೂ ಒಳಗೇ ಕಾಯಲಿ. ಕಾದ ತಟ್ಟೆಯ ಮೇಲೆ ತುಂಡುಗಳನ್ನು ಒಂದೇ ಪದರವಾಗಿ, ನಡುವೆ ಅಂತರ ಬಿಟ್ಟು ಜೋಡಿಸಬೇಕು.

6. ಹದಿನೈದು ನಿಮಿಷದ ನಂತರ ಬಾಗಿಲು ತೆರೆದು ಆವಿ ಹೊರಬಿಟ್ಟು, ತುಂಡುಗಳನ್ನು ಮಗುಚಿ, ಮತ್ತೆ 10ರಿಂದ 15 ನಿಮಿಷ ಬೇಯಿಸಬೇಕು.

7. ಉಪ್ಪು ಮತ್ತು ಪುಡಿಗಳನ್ನು ಕೊನೆಯಲ್ಲಿ ಹಾಕಬೇಕು. ಮೊದಲೇ ಉಪ್ಪು ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ. ಬಿಸಿಯಾಗಿರುವಾಗಲೇ ಕಡಲೆಕಾಯಿ ಚಟ್ನಿ ಅಥವಾ ಮೊಸರಿನೊಡನೆ ತಿನ್ನಲು ರುಚಿ.

ಶಾಖ ಏಕೆ ಜೋರಾಗಿರಬೇಕು?

ನಮ್ಮ ಮನೆಯಲ್ಲಿ ಮೊದಲ ಸಲ ಮಾಡಿದಾಗ ಗೆಣಸನ್ನು ತಟ್ಟೆಯ ತುಂಬ ರಾಶಿ ಹಾಕಿ, ಸೀದೀತೆಂಬ ಭಯದಿಂದ 150 ಡಿಗ್ರಿಯಲ್ಲಿಟ್ಟೆ. ಒಂದು ಗಂಟೆಯ ನಂತರ ಹೊರಬಂದದ್ದು ಸಿಹಿಯಾದ ಮುದ್ದೆ! ನನ್ನ ಮಗಳು ಚಮಚದಿಂದ ತಿನ್ನಬೇಕಾಯಿತು. ಕಾರಣ ಸರಳ. ಗೆಣಸಿನಲ್ಲಿರುವ ಒಂದು ಕಿಣ್ವವು ಸುಮಾರು 60ರಿಂದ 75 ಡಿಗ್ರಿ ಶಾಖದಲ್ಲಿ ಚುರುಕಾಗಿ, ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯನ್ನಾಗಿ ಪರಿವರ್ತಿಸುತ್ತದೆ. ತುಂಡು ನಿಧಾನವಾಗಿ ಕಾದಷ್ಟೂ ಈ ಕೆಲಸಕ್ಕೆ ಹೆಚ್ಚು ಸಮಯ ಸಿಗುವುದು. ಕೆಂಡದಲ್ಲಿ ನಿಧಾನವಾಗಿ ಸುಟ್ಟ ಗೆಣಸು ಜೇನಿನಂತೆ ಸಿಹಿಯಾಗುವುದೂ ಇದರಿಂದಲೇ. ಚಿಪ್ಸಿಗೆ ಪಿಷ್ಟ ಉಳಿಯಬೇಕು. ಆದುದರಿಂದ ಶಾಖ ಜೋರಾಗಿರಬೇಕು, ತುಂಡುಗಳು ಬಿಡಿಬಿಡಿಯಾಗಿರಬೇಕು.

ಆದರೆ ಶಾಖ ಜೋರೆಂದು ಕಪ್ಪಾಗುವವರೆಗೆ ಬಿಡುವುದೂ ಸಲ್ಲದು. ಪಿಷ್ಟವಿರುವ ಪದಾರ್ಥಗಳನ್ನು ಅತಿಯಾಗಿ ಕಾಯಿಸಿದಾಗ ಅಕ್ರಿಲಮೈಡ್ ಎಂಬ ಹಾನಿಕರ ವಸ್ತು ಉಂಟಾಗುವುದನ್ನು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಕರಿದರೂ ಬೇಯಿಸಿದರೂ ಇದು ತಪ್ಪದು. ಅಂಚು ಹೊಂಬಣ್ಣಕ್ಕೆ ತಿರುಗಿದೊಡನೆ ಇಳಿಸಬೇಕು, ಸೀದ ತುಂಡುಗಳನ್ನು ಆರಿಸಿ ಎಸೆಯಬೇಕು.

ಓವನ್ ಇಲ್ಲದವರು

ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಎರಡು ಬೆರಳು ಎತ್ತರಕ್ಕೆ ತೊಳೆದು ಒಣಗಿಸಿದ ಮರಳು ಅಥವಾ ಕಲ್ಲುಪ್ಪು ಹಾಕಿ, ಮೇಲೆ ಒಂದು ಸಣ್ಣ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಕಾಲು ಗಂಟೆ ಜೋರು ಉರಿಯಲ್ಲಿ ಕಾಯಿಸಿ. ಅನಂತರ ತುಂಡುಗಳಿರುವ ತಟ್ಟೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಮುಚ್ಚಿ. ಆವಿ ಹೋಗಲು ಮುಚ್ಚಳವನ್ನು ಸ್ವಲ್ಪ ಓರೆ ಮಾಡಿರಬೇಕು. ಇದಕ್ಕೆ 35ರಿಂದ 45 ನಿಮಿಷ ಹಿಡಿಯುವುದು. ನಡುವೆ ಎರಡು ಸಲ ಮಗುಚಬೇಕು. ಓವನ್ನಿನಷ್ಟು ಗರಿ ಬಾರದಿದ್ದರೂ ರುಚಿಗೆ ಕೊರತೆಯಿಲ್ಲ. ನೀರಿಲ್ಲದ ಪ್ರೆಶರ್ ಕುಕ್ಕರನ್ನು ಈ ಕೆಲಸಕ್ಕೆ ಬಳಸಬಾರದು. ಒಣ ಶಾಖದಲ್ಲಿ ಅದು ಹಾಳಾಗುವ ಸಂಭವವಿದೆ.

ಇತರ ತರಕಾರಿಗಳು

ಆಲೂಗಡ್ಡೆ: ಇದೇ ಕ್ರಮ, ಅಕ್ಕಿ ಹಿಟ್ಟು ಬೇಕಿಲ್ಲ. ಮೊಳೆತ ಅಥವಾ ಹಸಿರಾದ ಗೆಡ್ಡೆಗಳನ್ನು ಬಳಸಬಾರದು.
ಗಜ್ಜರಿ, ಬೀಟ್‌ರೂಟ್: 200 ಡಿಗ್ರಿಯಲ್ಲಿ 25ರಿಂದ 30 ನಿಮಿಷ. ಸಕ್ಕರೆ ಹೆಚ್ಚಿರುವುದರಿಂದ ಕೊನೆಯ ಐದು ನಿಮಿಷ ಕಣ್ಣಿಟ್ಟಿರಬೇಕು.
ಬೆಂಡೆಕಾಯಿ: ಎಳೆಯದನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ; 20 ನಿಮಿಷ ಸಾಕು. ನೀರಿನಲ್ಲಿ ನೆನೆಸಬಾರದು.
ಮರಗೆಣಸು: ಸಿಪ್ಪೆ ತೆಗೆದು, ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿದ ಮೇಲೆಯೇ ಓವನ್ನಿಗೆ ಇಡಬೇಕು. ಹಸಿ ಗೆಡ್ಡೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ವಸ್ತುವಿರುತ್ತದೆ.

ಒಂದು ಮಾತು ನೆನಪಿರಲಿ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಆಲೂಗಡ್ಡೆ, ಗೆಣಸುಗಳನ್ನು ಅದರಲ್ಲಿ ಸೇರಿಸುವುದಿಲ್ಲ. ಅವು ಅನ್ನ ಮುದ್ದೆಗಳ ಸಾಲಿಗೆ ಸೇರಿದವು. ಆದುದರಿಂದ ಅರ್ಧ ಪಾಲು ಗಜ್ಜರಿ, ಬೆಂಡೆ ಬೆರೆಸಿದರೆ ಉತ್ತಮ. ಒಣ ಶಾಖದಲ್ಲಿ ಬೆಂದ ಗೆಣಸು, ನೀರಿನಲ್ಲಿ ಬೆಂದದ್ದಕ್ಕಿಂತ ಬೇಗ ರಕ್ತದ ಸಕ್ಕರೆಯನ್ನು ಏರಿಸುವುದರಿಂದ ಮಧುಮೇಹಿಗಳು ಮಿತಿಯಲ್ಲಿರಬೇಕು.

ರೈತ ಬಾಂಧವರೇ, ಮುಂದಿನ ಸಲ ಗೆಣಸು ಅಗೆದಾಗ ಮಾರಾಟಕ್ಕೆ ಹೋಗದ ಗೆಡ್ಡೆಗಳಲ್ಲಿ ಒಂದು ಪುಟ್ಟಿಯಷ್ಟನ್ನು ಆರಿಸಿ ಅಡುಗೆಮನೆಗೆ ಕೊಡಿ. ಬಳ್ಳಿ ನಾಟಿ ಮಾಡುವಾಗ ನಾಲ್ಕು ಸಾಲು ಕಿತ್ತಳೆ ತಳಿಗೆ ಮೀಸಲಿಡಿ. ಮಾರುಕಟ್ಟೆಯ ಧಾರಣೆ ನಮ್ಮ ಕೈಯಲ್ಲಿಲ್ಲ. ಮಕ್ಕಳ ತಟ್ಟೆಯಲ್ಲಿ ಏನಿರಬೇಕೆಂಬುದು ನಮ್ಮ ಕೈಯಲ್ಲೇ ಇದೆ.